ಆಚೆ ಕೂತ ದಿನಗಳು

ನಮ್ಮ ಹುಳದ ಮನೆಗೆ ಬೀಗ ಇರಲಿಲ್ಲ, ಬರೀ ಚಿಲಕ. ಬೀಗದ ಅಗತ್ಯವೂ ಇರಲಿಲ್ಲ. ಒಳಗೆ ಯಾರು ಹೋಗಬಹುದು, ಯಾರು ಯಾವಾಗ ಹೋಗಬಾರದು ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಮುಟ್ಟಾದವಳು ರೇಷ್ಮೆ ಹುಳುವಿನ ಹತ್ತಿರ ಸುಳಿಯಬಾರದು. ಅಡುಗೆಮನೆ, ದೇವರ ಗೂಡಿನ ವಿಷಯದಲ್ಲಿ ನಮ್ಮತ್ತೆ ಬರಬರುತ್ತಾ ಸಡಿಲ ಬಿಟ್ಟರು. ಗ್ಯಾಸ್ ಬಂತು, ಮಿಕ್ಸಿ ಬಂತು, ಮೂರು ದಿನ ಬೇಯಿಸಿ ಹಾಕುವವರು ಯಾರು ಅನ್ನುವ ಪ್ರಶ್ನೆಯೂ ಬಂತು. 'ಏನಾರ ಮಾಡ್ಕಳಿ, ನಾನ್ ನೋಡಿಲ್ಲ' ಎಂದು ಸುಮ್ಮನಾದರು. ಹುಳದ ಮನೆಯ ವಿಷಯದಲ್ಲಿ ಮಾತ್ರ ಸಾಯುವ ತನಕ ಜಗ್ಗಲಿಲ್ಲ. ಮೈಲಿಗೆ ತಗುಲಿದರೆ ಹುಳು ಸಾಯುತ್ತವೆ, ಅದು ಅವರ ಅತ್ತೆ ಅವರಿಗೆ ಹೇಳಿಕೊಟ್ಟದ್ದು.

ಭಾರತೀನಗರ ದಾಟಿ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಕ್ಕೆ ತಿರುಗಿದರೆ ನಮ್ಮೂರು. ಸುತ್ತಲೂ ಎಲ್ಲರೂ ಕಬ್ಬು ಹಾಕಿದರೆ, ನಮ್ಮ ಮನೆಯವರು ಅರ್ಧ ಜಮೀನಿಗೆ ಹಿಪ್ಪುನೇರಳೆ ಹಾಕಿದ್ದರು. ಗಂಡಸರು ಸೊಪ್ಪು ಕೊಯ್ದು ತಂದು ಹಾಕುತ್ತಿದ್ದರು, ಗೂಡು ಆದಮೇಲೆ ಮದ್ದೂರಿನ ಮೇಲೆ ಹಾದು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ನಡುವೆ ಹುಳುವನ್ನು ಬದುಕಿಸುವ ಕೆಲಸವೆಲ್ಲ ನಮ್ಮದು. ಅತ್ತೆ, ನನ್ನ ಗಂಡನ ಅಣ್ಣನ ಹೆಂಡತಿ, ಮತ್ತು ನಾನು. ಈ ಓರಗಿತ್ತಿಯನ್ನು ನಾನು ಮೊದಲ ದಿನದಿಂದ ಅಕ್ಕ ಎಂದೇ ಕರೆದದ್ದು. ಹೊಳಲಿನವಳು, ನನಗಿಂತ ಕೆಲವೇ ವರ್ಷ ದೊಡ್ಡವಳು, ಕೆಲಸದಲ್ಲಿ ಮಾತ್ರ ನನ್ನಂಥವರು ನಾಲ್ವರಿಗೆ ಸಮ.

ನಾನು ಮಂಡ್ಯದ ಗುತ್ತಲಿನಲ್ಲಿ ಬೆಳೆದವಳು. ಮದುವೆಗೆ ಮುಂಚೆ ರೇಷ್ಮೆ ಅಂದರೆ ನನಗೆ ಸೀರೆ ಅಷ್ಟೆ. ಬಿ.ಎ. ಮುಗಿಸಿದ್ದೆ, ಹೇಗೆ ಮುಗಿಸಿದೆ ಎಂದು ಕೇಳಬೇಡಿ. ಪರೀಕ್ಷೆಯ ಬೆಳಿಗ್ಗೆ ಹಾಲ್‌ಟಿಕೆಟ್ ಹುಡುಕುವುದು ನಮ್ಮ ಮನೆಯಲ್ಲಿ ಒಂದು ಹಬ್ಬದ ಹಾಗೆ ನಡೆಯುತ್ತಿತ್ತು. ಅಪ್ಪ ಮಂಚದ ಕೆಳಗೆ, ಅಮ್ಮ ಅಕ್ಕಿ ಡಬ್ಬದಲ್ಲಿ, ನಾನು ಬಾಗಿಲಲ್ಲಿ ಅಳುತ್ತಾ. 'ಮದ್ವೆ ದಿನ ಮಂಟಪಕ್ಕೆ ಬರೋದ್ನಾದ್ರೂ ಗ್ಯಾನ ಮಡೀಕಳವ್ವ' ಎಂದು ಅಪ್ಪ ರೇಗಿಸುತ್ತಿದ್ದರು. ಆದರೆ ತಿಂಗಳಲ್ಲಿ ಎಲ್ಲ ದಿನವೂ ನಾನು ಹಾಗಿರುತ್ತಿರಲಿಲ್ಲ. ಮುಟ್ಟಿನ ನೀರು ಹಾಕಿಕೊಂಡ ಮೇಲೆ ತಲೆ ತೊಳೆದಿಟ್ಟ ತಟ್ಟೆಯಂತೆ ಇರುತ್ತಿತ್ತು. ಓದಿದ್ದು ನಿಲ್ಲುತ್ತಿತ್ತು, ಇಟ್ಟದ್ದು ಇಟ್ಟಲ್ಲೇ ಸಿಗುತ್ತಿತ್ತು. ಮುಟ್ಟು ಬರುವ ಮುಂಚಿನ ವಾರ ಶುರುವಾದರೆ ಮುಗಿಯಿತು, ಯಾರೋ ನನ್ನ ತಲೆಯೊಳಗೆ ಕಿಟಕಿ ಬಾಗಿಲೆಲ್ಲ ತೆಗೆದು ಗಾಳಿಗೆ ಬಿಟ್ಟ ಹಾಗೆ. ಆ ವಾರ ಕೋಪವೂ ಜಾಸ್ತಿ, ಅಳುವೂ ಜಾಸ್ತಿ. ಎಲ್ಲ ಹೆಂಗಸರಿಗೂ ಹೀಗೇ ಇರುತ್ತದೆ, ಅವರು ಸಹಿಸಿಕೊಳ್ಳುತ್ತಾರೆ, ನನಗೆ ಮಾತ್ರ ಯೋಗ್ಯತೆ ಇಲ್ಲ ಎಂದುಕೊಂಡಿದ್ದೆ.

ರೇಷ್ಮೆ ಹುಳು ಯೋಗ್ಯತೆ ಇಲ್ಲದವರ ಕೈಯಲ್ಲಿ ಬದುಕುವ ಜೀವ ಅಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಒದ್ದೆ ಸೊಪ್ಪು ಹಾಕಬಾರದು. ಹುಳು ಚರ್ಮ ಬಿಡುವ ದಿನ, ಜ್ವರಕ್ಕೆ ಕೂತಿವೆ ಅನ್ನುತ್ತೇವೆ, ಆ ದಿನ ಮುಟ್ಟದೆ ಬಿಡಬೇಕು. ಜ್ವರದಿಂದ ಎದ್ದ ಕೂಡಲೇ ರೋಗ ಬಾರದಂತೆ ಬಿಳಿ ಪುಡಿ ಉದುರಿಸಿ ಆಮೇಲೆ ಸೊಪ್ಪು ಹಾಕಬೇಕು. ಇಷ್ಟೂ ಬಾಯಿಪಾಠ ಮಾಡಿಕೊಂಡೆ. ಬಾಯಿಪಾಠ ಮಾಡುವುದರಲ್ಲಿ ನನಗೆ ತೊಂದರೆ ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಸೊಪ್ಪು ಹಾಕುವ ಪಾಳಿ ನನಗೆ ಬಂತು. ಸೊಪ್ಪಿನ ಮೇಲೆ ಹೊದಿಸಿದ್ದ ಗೋಣಿತಾಟು ತೆಗೆದೆ, ಕೊಳೆಯಾಗಿತ್ತು, ಒಗೆಯೋಣ ಎಂದು ತೊಟ್ಟಿಗೆ ಹೋದೆ. ತೊಟ್ಟಿಯಲ್ಲಿ ಪಾಚಿ ಇತ್ತು. ಪಾಚಿ ಉಜ್ಜಲು ತೆಂಗಿನ ನಾರು ಬೇಕಾಯಿತು. ನಾರು ತರಲು ಹಿತ್ತಿಲಿಗೆ ಹೋದವಳು ಅಲ್ಲಿ ಕರಿಬೇವಿನ ಗಿಡಕ್ಕೆ ಸುತ್ತಿದ್ದ ಬಳ್ಳಿ ಬಿಡಿಸುತ್ತಾ ನಿಂತೆ. ಕತ್ತಲಾದ ಮೇಲೆ ಅತ್ತೆ ಹುಳದ ಮನೆಯಿಂದ ಕೂಗಿದರು. ಹೋಗಿ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳುಗಳು ಬರೀ ಕಡ್ಡಿಯ ಮೇಲೆ ತಲೆ ಎತ್ತಿಕೊಂಡು ಆ ಕಡೆ ಈ ಕಡೆ ಆಡಿಸುತ್ತಿದ್ದವು.

'ಬಾಯಿಲ್ಲದ ಜೀವ ಕಣೆ. ಅಸ್ಕಂಡು ನಿನ್ನ ದಾರಿ ನೋಡ್ತಾ ಕೂತವೆ. ನೀನು ಬಳ್ಳಿ ಬುಡುಸ್ತಾ ನಿಂತಿದ್ಯಾ?' ಎಂದರು ಅತ್ತೆ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ತಿಂಗಳು ಅದೇ ಕೆಟ್ಟ ವಾರ ಬಂತು. ಹುಳು ನಾಲ್ಕನೇ ಜ್ವರದಿಂದ ಎದ್ದು ಮಳೆ ಹುಯ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುವ ಹೊತ್ತು, ತಪ್ಪಿದರೆ ಬೆಳೆಯೇ ಹೋಗುತ್ತದೆ. ನನಗೆ ಹೆದರಿಕೆಯಾಯಿತು. ಬೆಳಿಗ್ಗೆ ಎದ್ದವಳೇ 'ಅತ್ತೆ, ನಾನು ಆಚೆ' ಎಂದುಬಿಟ್ಟೆ. ಆಚೆ ಅಂದರೆ ಮುಟ್ಟಾಗಿದ್ದೇನೆ ಎಂದರ್ಥ. ಅತ್ತೆ ತಲೆಯೆತ್ತದೆ 'ಸರಿ, ಜಗುಲಿ ಮೇಲೆ ಕೂತ್ಕೊ' ಎಂದರು. ಅಷ್ಟೆ. ಯಾಕೆ, ಏನು, ಎತ್ತ ಎಂದು ಯಾರೂ ಕೇಳಲಿಲ್ಲ. ಹಿತ್ತಿಲ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತೆ. ಸುಲಿದ ಕಾಳನ್ನು ಸಿಪ್ಪೆಯ ಗುಡ್ಡೆಗೆ, ಸಿಪ್ಪೆಯನ್ನು ಕಾಳಿನ ಬಟ್ಟಲಿಗೆ ಹಾಕಿದೆನಾದರೂ ಅದರಿಂದ ಯಾರೂ ಸಾಯುವಂತಿರಲಿಲ್ಲ. ನನ್ನ ಪಾಲಿನ ಸೊಪ್ಪನ್ನು ಅಕ್ಕ ಹಾಕಿದಳು.

ಮನುಷ್ಯರಿಗೆ ಆಸರೆ ಎಲ್ಲೆಲ್ಲಿ ಸಿಗುತ್ತದೋ. ನನಗೆ ಮೈಲಿಗೆಯಲ್ಲಿ ಸಿಕ್ಕಿತು. ಅಲ್ಲಿಂದ ತಿಂಗಳು ತಿಂಗಳೂ ಕೆಟ್ಟ ವಾರ ಶುರುವಾದ ಕೂಡಲೇ ಆಚೆ ಕೂರುವುದು ರೂಢಿಯಾಯಿತು. ಆದರೆ ಸುಳ್ಳಿಗೆ ಒಂದು ಬಾಲ ಇತ್ತು. ಸುಳ್ಳು ಮುಟ್ಟು ಮುಗಿದು, ಎಲ್ಲರೆದುರು ತಲೆಗೆ ನೀರು ಹಾಕಿಕೊಂಡು, ಶುದ್ಧವಾಗಿ ಹುಳದ ಮನೆಯೊಳಕ್ಕೆ ಹೋದ ಮೇಲೆ ನಿಜವಾದ ಮುಟ್ಟು ಬರುತ್ತಿತ್ತು. ಮತ್ತೆ ಹೇಗೆ ಆಚೆ ಕೂರುವುದು? ಮೊದಲ ಸಲ ದೇವರನ್ನು ನೆನೆದು ಸೊಪ್ಪು ಹಿಡಿದು ಒಳಗೆ ಹೋದೆ. ಕಣ್ಣು ಮುಚ್ಚಿಕೊಂಡು ಹಾಕಿದೆ. ಮಾರನೇ ದಿನ ತಟ್ಟೆ ಸರಿಸಿ ಸರಿಸಿ ಸತ್ತ ಹುಳು ಹುಡುಕಿದೆ. ಒಂದೂ ಸತ್ತಿರಲಿಲ್ಲ. ಆ ಸಲದ ಗೂಡು ಗಟ್ಟಿಯಾಗಿ, ಕೈಯಲ್ಲಿ ಹಿಡಿದರೆ ಕಡಲೆಕಾಯಿಯ ಹಾಗೆ ಗಲಗಲ ಎನ್ನುವಂತೆ ಬಂದವು. ಮುಟ್ಟು ಶುರುವಾದ ಮೇಲೆ ನನ್ನ ತಲೆಯೂ ಮೆಲ್ಲಗೆ ತಿಳಿಯಾಗುತ್ತಿದ್ದುದರಿಂದ, ಯಾವ ದಿನ ನಾನು ಒಳಗೆ ಹೋಗಲೇಬಾರದಿತ್ತೋ ಆ ದಿನಗಳಲ್ಲೇ ಹುಳುವನ್ನು ಚೆನ್ನಾಗಿ ನೋಡಿಕೊಂಡೆ. ವರ್ಷಗಟ್ಟಲೆ ಹೀಗೇ ನಡೆಯಿತು. ಮೈಲಿಗೆಯಿಂದ ಹುಳು ಸಾಯುವುದಿಲ್ಲ ಎಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದ ಸಂಗತಿ. ನಾನು ಅದನ್ನು ಒಳಗೇ ಇಟ್ಟುಕೊಂಡು ಹಾಯಾಗಿದ್ದೆ.

ಬಸುರಿಯಾದಾಗ ನನ್ನ ತಲೆ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು. ಯಾವ ಡಬ್ಬದಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅತ್ತೆಗೆ ಖುಷಿಯೋ ಖುಷಿ, 'ಮಗಾ ಒಟ್ಟೇಲಿ ಕೂತ್ಕಂಡು ಬುದ್ಧಿ ಏಳ್ಕೊಡ್ತಾದೆ' ಎಂದು ಬೀದಿಗೆಲ್ಲ ಸಾರಿದರು. ಹೆಣ್ಣು ಮಗು ಹುಟ್ಟಿತು, ಬುದ್ಧಿ ಅದರ ಜೊತೆಗೇ ಹೊರಬಿದ್ದು ಹೋಯಿತು. ತವರಿನಿಂದ ಮಗು ಎತ್ತಿಕೊಂಡು ಬಂದ ಕೆಲವು ದಿನಕ್ಕೆ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನೆರಳಲ್ಲಿ ಮಗುವನ್ನು ಮಲಗಿಸಿ ಸೊಪ್ಪು ಕೊಯ್ದೆ. ಕೊಯ್ದು ಗಂಟು ಕಟ್ಟಿ, ತಲೆಯ ಮೇಲಿಟ್ಟುಕೊಂಡು ಮನೆಗೆ ನಡೆದು ಬಂದೆ. ಗಂಟು ಇಳಿಸಿ ನೀರು ಕುಡಿಯುತ್ತಾ ನಿಂತಿದ್ದಾಗ ಅಕ್ಕ ಹಿತ್ತಿಲ ಬಾಗಿಲಿಂದ ಬಂದಳು. ಅವಳ ಸೊಂಟದ ಮೇಲೆ ನನ್ನ ಮಗಳು.

'ಇನ್ನೊಂದ್ ಗಂಟ ಅಲ್ಲೇ ಬುಟ್ಟು ಬಂದಿದ್ದೆ ನೋಡಮ್ಮಿ' ಎಂದಳು, ಮೆಲ್ಲಗೆ, ಅತ್ತೆಗೆ ಕೇಳಿಸದ ಹಾಗೆ. ನಾನು ಚೊಂಬು ಕೆಳಗಿಟ್ಟು ನೆಲದ ಮೇಲೆ ಕೂತೆ. ಅವಳು ಮಗುವನ್ನು ನನ್ನ ಮಡಿಲಲ್ಲಿಟ್ಟು, ತೋಟದ ಕೆಂಪು ಮಣ್ಣು ಅಂಟಿದ್ದ ಅದರ ಕಾಲನ್ನು ತನ್ನ ಸೆರಗಿನಿಂದ ಒರೆಸಿ ಹೋದಳು. ಇವತ್ತಿನವರೆಗೆ ಆ ಮಾತನ್ನು ಅವಳು ಯಾರ ಮುಂದೂ ಎತ್ತಿಲ್ಲ, ಜಗಳ ಆಡಿದ ದಿನವೂ ಎತ್ತಿಲ್ಲ.

ಇಂಥ ಅಕ್ಕನಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ಮಗಳು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದ ಕಾಲ. ಮದ್ದೂರಿನಲ್ಲಿ ನೆಂಟರ ಮದುವೆ, ಅತ್ತೆ ಚಪ್ಪರದ ಮುಂಚೆಯೇ ಹೋಗಿ ಕೂತಿದ್ದರು. ಜಡಿಮಳೆ ಹಿಡಿದಿತ್ತು. ಹುಳು ಜ್ವರದಿಂದ ಏಳುವ ದಿನ, ಮನೆಯಲ್ಲಿ ನಾವಿಬ್ಬರೇ. ನನ್ನ ಕೆಟ್ಟ ವಾರ, ಆದರೆ ಅಕ್ಕನೊಬ್ಬಳನ್ನೇ ಬಿಟ್ಟು ಆಚೆ ಕೂರಲು ಆ ಸಲ ಮನಸ್ಸು ಬರಲಿಲ್ಲ. ಒಳ್ಳೆಯವಳಾಗಲು ಹೋದೆ. ಅಕ್ಕ ಸೊಪ್ಪಿನ ನೀರು ಒದರಿ ಆರಿಸುತ್ತಿದ್ದಳು, ನನಗೆ ಪುಡಿ ಉದುರಿಸುವ ಕೆಲಸ ಕೊಟ್ಟಳು. ಆಮೇಲೆ ಬಂದು 'ಪುಡಿ ಉದುರ್ಸುದ್ಯೇನಮ್ಮಿ?' ಎಂದು ಕೇಳಿದಳು. 'ಹೂಂ' ಎಂದೆ.

ಉದುರಿಸಿದ್ದೆನೇ? ಪುಡಿಯ ಡಬ್ಬ ಕೈಗೆ ತೆಗೆದುಕೊಂಡದ್ದು ನೆನಪಿದೆ. ಸೋರುತ್ತಿದ್ದ ಸೂರಿನ ಕೆಳಗೆ ಪಾತ್ರೆ ಇಡಲು ಹೋದದ್ದು ನೆನಪಿದೆ. ನಡುವೆ ಏನಾಯಿತು ಎಂಬುದು ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಮಾಡಬೇಕು ಎಂದುಕೊಂಡದ್ದಕ್ಕೂ ಮಾಡಿದ್ದಕ್ಕೂ ನಡುವೆ ನನ್ನ ತಲೆಯಲ್ಲಿ ಆ ವಾರ ಗೋಡೆ ಇರುವುದಿಲ್ಲ.

ಕೆಲವೇ ದಿನಗಳಲ್ಲಿ ಹುಳುಗಳು ಸೆಟೆದುಕೊಂಡವು. ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಎತ್ತಿ ಹಾಕಿದರೆ ಸೀಮೆಸುಣ್ಣದ ತುಂಡಿನಂತೆ ಟಣ್ ಎನ್ನುತ್ತಿದ್ದವು. ಸುಣ್ಣಕಟ್ಟು ರೋಗ. ಇಡೀ ಬೆಳೆ ಹೋಯಿತು. ಮದುವೆ ಮುಗಿಸಿ ಬಂದ ಅತ್ತೆ ಸೀರೆ ಕೂಡ ಬದಲಾಯಿಸದೆ ಹುಳದ ಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಕರೆದರು. ಅವರು ಪುಡಿಯ ಬಗ್ಗೆ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

'ಯಾರ್ ಮುಟ್ಟಾಗಿ ಒಳಿಕ್ ಓಗಿದ್ದೋರು?'

ಆ ವರ್ಷ ಅಕ್ಕನಿಗೆ ಮುಟ್ಟಿನ ತೊಂದರೆ ಇತ್ತು. ಹೊತ್ತಿಲ್ಲ ಗೊತ್ತಿಲ್ಲ, ನಿಂತಿತು ಅನ್ನುವಾಗ ಮತ್ತೆ ಕಾಣಿಸುತ್ತಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ತಲೆ ತಗ್ಗಿಸಿ ಹೇಳಿದಳು. 'ಒಂಚೂರು ಕಂಡಿತ್ತು ಅತ್ತೆ. ನಿಂತೋಯ್ತು ಅನ್ಕಂಡು ಒಳಿಕ್ ಓದೆ. ಇವಳೊಬ್ಳ ಕೈಲಿ ಆಗಾಕಿಲ್ಲ ಅಂತ.'

'ಅಷ್ಟ್ ಜೀವ ತಿಂದ್ಬುಟ್ಟಲ್ಲೇ' ಎಂದರು ಅತ್ತೆ. ಕೂಗಲಿಲ್ಲ. ಸತ್ತ ಹುಳುಗಳನ್ನು ಅಕ್ಕನ ಕೈಯಲ್ಲೇ ಬಾಚಿಸಿ, ದೂರದ ಗುಂಡಿಗೆ ಹಾಕಿಸಿ ಸುಡಿಸಿದರು. ಅಕ್ಕ ಬುಟ್ಟಿ ಬುಟ್ಟಿ ಹೊತ್ತು ಅಳುತ್ತಾ ಹೋದಳು. ಹಿಂದೆ ಹಿಂದೆ ನಾನೂ ಬುಟ್ಟಿ ಹೊತ್ತುಕೊಂಡು ಹೋದೆ. ಅಷ್ಟು ಹೊತ್ತೂ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಎಷ್ಟೋ ಬೆಳೆಗೆ ಮುಟ್ಟಾಗಿಯೇ ಸೊಪ್ಪು ಹಾಕಿದ್ದೇನೆ, ಒಂದು ಹುಳವೂ ಸತ್ತಿಲ್ಲ, ಇದು ನಿನ್ನಿಂದ ಆದದ್ದಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ನನ್ನ ಆಚೆ ಕೂರುವ ಆಟ ಬಯಲಾಗುತ್ತಿತ್ತು, ಆಮೇಲೆ ಪುಡಿಯ ಮಾತು ಬರುತ್ತಿತ್ತು. ಹೇಳಲಿಲ್ಲ.

ಮರುವರ್ಷವೇ ಅಕ್ಕ ಮಂಡ್ಯದ ಒಂದು ನರ್ಸಿಂಗ್ ಹೋಮಿಗೆ ಹೋಗಿ ಗರ್ಭಕೋಶ ತೆಗೆಸಿಕೊಂಡಳು. ಜೊತೆಗೆ ಅಂಡಾಶಯವನ್ನೂ ತೆಗೆದರು. ನಲವತ್ತು ಕೂಡ ತುಂಬಿರಲಿಲ್ಲ. ಮಾತ್ರೆಯಲ್ಲಿ ನೋಡೋಣ ಎಂದು ಒಬ್ಬ ಡಾಕ್ಟರು ಹೇಳಿದ್ದರಂತೆ. 'ಬ್ಯಾಡ, ತಗ್ದಾಕ್ಬುಡಿ, ಮನೇಲಿ ಉಳ ಮೇಯ್ಸ್ತೀವಿ' ಎಂದು ಇವಳೇ ಹಟ ಹಿಡಿದಳಂತೆ. ಡಾಕ್ಟರಿಗೆ ಅದರ ಅರ್ಥ ಆಗಿರಲಾರದು. ನನಗೆ ಆಯಿತು. ಆಸ್ಪತ್ರೆಯ ಮಂಚದ ಪಕ್ಕ ನಿಂತು ನಾನು ಆಡಿದ ಮಾತು ಏನು ಗೊತ್ತೇ? 'ಒಳ್ಳೇದೇ ಆಯ್ತು ಬುಡಕ್ಕ, ಇನ್ನ್ ಮೇಲೆ ತಿಂಗ್ಳ ಕಾಟ ಇಲ್ಲ.' ಇದನ್ನು ಬರೆಯುವಾಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮುಟ್ಟೇ ಇಲ್ಲದ ಅಕ್ಕ ಮನೆಯಲ್ಲಿ ಸದಾ ಮಡಿಯವಳಾದಳು. ಹುಳದ ಮನೆ ಪೂರ್ತಿ ಅವಳದಾಯಿತು, ನನ್ನ ಪಾಳಿಗಳೂ ಅವಳಿಗೇ ಹೋದವು. ಆದರೆ ಅಕ್ಕ ಮೊದಲಿನ ಅಕ್ಕ ಆಗಿರಲಿಲ್ಲ. ಕೂತಲ್ಲೇ ಮೈ ಕಾದು ಬೆವರುತ್ತಿದ್ದಳು. ನಿದ್ದೆ ಇಲ್ಲ ಎನ್ನುತ್ತಿದ್ದಳು. ಯಾವತ್ತೂ ಏನನ್ನೂ ಮರೆಯದವಳು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದಳು. 'ನಿನ್ನ ಗಾಳಿ ತಗುಲ್ತು ಕಣಮ್ಮಿ ನಂಗೂ' ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಸತ್ಯ ಹೇಳಬೇಕೆಂದರೆ ಒಳಗೊಳಗೆ ಸ್ವಲ್ಪ ಸಮಾಧಾನವೂ ಆಗುತ್ತಿತ್ತು, ಮರೆಯುವವಳು ಮನೆಯಲ್ಲಿ ನಾನೊಬ್ಬಳೇ ಅಲ್ಲವಲ್ಲ ಎಂದು.

ಅತ್ತೆ ತೀರಿಕೊಂಡರು. ನನಗೆ ವಯಸ್ಸು ನಲವತ್ತೈದು ದಾಟಿತು, ಮುಟ್ಟು ತಪ್ಪತೊಡಗಿತು. ಎರಡು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ತನಗೆ ಬೇಕಾದಾಗ. ಕೆಟ್ಟ ವಾರ ಮಾತ್ರ ಬಂದದ್ದು ಹೋಗಲೇ ಇಲ್ಲ. ತಿಂಗಳಲ್ಲಿ ಒಂದು ವಾರ ಇದ್ದದ್ದು ತಿಂಗಳ ತುಂಬ ಹರಡಿಕೊಂಡಿತು, ಒಳ್ಳೆಯ ದಿನಗಳು ಎಲ್ಲಿ ಹೋದವೋ. ಹಾಲು ಉಕ್ಕುವುದನ್ನು ನೋಡುತ್ತಾ ನಿಂತೇ ಉಕ್ಕಿಸುತ್ತಿದ್ದೆ. ಮಾತಿನ ನಡುವೆ ಮಾತು ಕಳೆದುಹೋಗುತ್ತಿತ್ತು. ಒಂದು ದಿನ ಸ್ಕೂಟಿಯಲ್ಲಿ ಮಳವಳ್ಳಿಗೆ ಹೋಗಿ, ಸಾಮಾನು ಕೊಂಡು, ಬಸ್ಸು ಹತ್ತಿ ಮನೆಗೆ ಬಂದೆ. 'ಸ್ಕೂಟಿ ಎಲ್ಲವ್ವ?' ಎಂದು ಮಗಳು ಕೇಳಿದಾಗ, ಯಾವ ಸ್ಕೂಟಿ ಎಂದು ನಾನು ಅವಳನ್ನೇ ಕೇಳಿದೆ.

ಮಗಳು ಭಾರತೀನಗರದ ಕಾಲೇಜಿನಲ್ಲಿ ಓದುತ್ತಾಳೆ. ನಗಲಿಲ್ಲ ಅವಳು. ಫೋನಿನಲ್ಲಿ ಏನೇನೋ ಓದಿ, ಎರಡು ದಿನ ನನ್ನನ್ನು ಏನೇನೋ ಕೇಳಿ, ಮೂರನೇ ದಿನ ಮಂಡ್ಯಕ್ಕೆ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರು, ಹೆಂಗಸು. ಹುಚ್ಚರ ಆಸ್ಪತ್ರೆ ಎಂದು ಬಾಗಿಲಲ್ಲಿ ನನಗೆ ಕಾಲು ತಡೆಯಿತು. ಡಾಕ್ಟರು ಹಾಲ್‌ಟಿಕೆಟ್ಟಿನ ಕಥೆಯಿಂದ ಸ್ಕೂಟಿಯ ಕಥೆಯವರೆಗೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಇಷ್ಟು ವರ್ಷದಲ್ಲಿ ಯಾರೂ ಕೇಳದೇ ಇದ್ದದ್ದನ್ನು ಕೇಳಿದರು.

'ಮುಟ್ಟಿನ ಮುಂಚಿನ ವಾರ ಹೇಗಿರ್ತಿತ್ತು?'

ನಾನು ಅಲ್ಲೇ ಅತ್ತುಬಿಟ್ಟೆ.

ಅವರು ಅದಕ್ಕೆ ಒಂದು ಹೆಸರು ಹೇಳಿದರು, ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ. ಚಿಕ್ಕಂದಿನಿಂದಲೇ ಇತ್ತು, ಹುಡುಗಿಯರಲ್ಲಿ ಗೊತ್ತಾಗುವುದು ಕಡಿಮೆ ಎಂದರು. 'ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಅಂತ ಒಂದು ಹಾರ್ಮೋನ್ ಇದೆಯಮ್ಮ. ಗಮನ ಹಿಡಿದಿಡೋಕೆ ಮೆದುಳಿಗೆ ಅದರ ಸಹಾಯವೂ ಬೇಕು. ಮುಟ್ಟಿಗೆ ಮುಂಚೆ ಅದು ಇಳಿಯುತ್ತೆ. ಬಸುರಲ್ಲಿ ಏರಿ, ಹೆರಿಗೆ ಆದ ಮೇಲೆ ಇಳಿಯುತ್ತೆ. ಮುಟ್ಟು ನಿಲ್ಲೋ ವಯಸ್ಸಲ್ಲಿ ಏರುಪೇರಾಗಿ ಕಾಡುತ್ತೆ. ಮೊದಲೇ ಗಮನದ ತೊಂದರೆ ಇರೋರಿಗೆ ಇದು ಇನ್ನೂ ಜಾಸ್ತಿ ಆಗಬಹುದು. ಎಲ್ಲರಿಗೂ ಒಂದೇ ಥರ ಇರಲ್ಲ, ನಿಮಗೆ ಹೀಗಿದೆ.' ಮಾತ್ರೆ ಬರೆದರು, ಸ್ತ್ರೀರೋಗದ ಡಾಕ್ಟರನ್ನೂ ನೋಡಿ ಎಂದರು.

ನನ್ನ ಬದುಕನ್ನೇ ಯಾರೋ ಬಟ್ಟೆ ಮಡಿಸಿದ ಹಾಗೆ ಮಡಿಸಿ ಕೈಗೆ ಕೊಟ್ಟಿದ್ದರು. ಬಳ್ಳಿ ಬಿಡಿಸುತ್ತಾ ನಿಂತದ್ದು, ತೋಟದಲ್ಲಿ ಮಗುವನ್ನು ಬಿಟ್ಟು ಬಂದದ್ದು, ಎಲ್ಲವೂ ಆ ಮಡಿಕೆಗಳಲ್ಲಿ ಇತ್ತು. ಎದ್ದು ಬಾಗಿಲ ತನಕ ಬಂದವಳು ತಿರುಗಿ ಕೇಳಿದೆ. 'ಡಾಕ್ಟ್ರೇ, ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆದುಬಿಟ್ಟಿದ್ರೆ?'

'ಆವಾಗ ನಿಧಾನಕ್ಕೆ ಇಳಿಯೋದಿಲ್ಲ, ಒಂದೇ ಸಲಕ್ಕೆ ಹೋಗಿಬಿಡುತ್ತೆ. ಚಿಕ್ಕ ವಯಸ್ಸಾದರೆ ತುಂಬಾ ಕಷ್ಟ. ನಿದ್ದೆ ಬರಲ್ಲ, ಮೈ ಉರಿ, ಮರೆವು, ಮೂಳೆ ಸವೆತ. ಯಾರಿಗೆ ತೆಗೆಸಿದ್ದಾರೆ?'

'ನಮ್ಮಕ್ಕನಿಗೆ.'

'ಕರ್ಕೊಂಡು ಬನ್ನಿ. ತಡ ಆಗಿದೆ, ಆದರೂ ಮಾಡಬಹುದಾದ್ದು ಇದೆ' ಎಂದರು.

ಬಸ್ಸಿನಲ್ಲಿ ಮಗಳು ಸಂತೋಷವಾಗಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ನನ್ನ ಮರೆವಿಗೆ ಹೆಸರು ಸಿಕ್ಕಿತು, ಅಕ್ಕನ ಮರೆವಿಗೆ ಕಾರಣ ಸಿಕ್ಕಿತು, ಆ ಕಾರಣದ ಬುಡದಲ್ಲಿ ಬಾಯಿ ಮುಚ್ಚಿಕೊಂಡು ಬುಟ್ಟಿ ಹೊತ್ತು ನಿಂತ ನಾನೂ ಸಿಕ್ಕಿದೆ.

ಮಾತ್ರೆ ನುಂಗಿ ಕೆಲವು ವಾರಕ್ಕೆ ನನ್ನ ತಲೆ ಸ್ವಲ್ಪ ಸ್ವಲ್ಪ ನಿಲ್ಲತೊಡಗಿತು. ಅಕ್ಕನನ್ನು ಕರೆದೆ, ಡಾಕ್ಟರ ಹತ್ತಿರ ಹೋಗೋಣ ಬಾ ಎಂದು. ಅವಳು ಕೇಳಲಿಲ್ಲ. ಮತ್ತೆ ಕರೆದೆ, ಮಗಳ ಕೈಲಿ ಹೇಳಿಸಿದೆ. ಒಂದು ಮಧ್ಯಾಹ್ನ ಇಬ್ಬರೂ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಪಟ್ಟು ಹಿಡಿದೆ. ಅಕ್ಕ ಸೊಪ್ಪಿನ ಕಡ್ಡಿ ಕೈಯಲ್ಲಿ ಹಿಡಿದೇ ನಿಂತಳು.

'ನಂಗ್ ಕಾಯ್ಲೆ ಅಲ್ಲ ಕಣಮ್ಮಿ, ಬುಟ್ಬುಡು. ಆವತ್ತು ಮೈಲಿಗೇಲಿ ಒಳಿಕ್ ಬಂದು ಅಷ್ಟ್ ಉಳ ಸಾಯಿಸ್ದೆ. ಬಾಯಿಲ್ಲದ ಜೀವ ಸುಮ್ಕೆ ಬುಟ್ಟಾವಾ? ಅದುನ್ನೇ ಅನುಬೌಸ್ತಾ ಇವ್ನಿ. ಅದ್ಕೆಲ್ಲ ಮಾತ್ರೆ ನುಂಗುದ್ರೆ ಓದಾತ?'

ಇಷ್ಟು ವರ್ಷ ಅವಳು ಹೀಗೆ ಅಂದುಕೊಂಡು ಬೆವರಿದ್ದಾಳೆ, ನಿದ್ದೆಗೆಟ್ಟಿದ್ದಾಳೆ ಎಂದು ನನಗೆ ತಿಳಿದಿರಲಿಲ್ಲ. ಇನ್ನು ಸುಮ್ಮನಿದ್ದರೆ ಅವಳು ಹೀಗೇ ಸಾಯುತ್ತಾಳೆ. ಹೇಳಿದೆ. ಬಳ್ಳಿ ಬಿಡಿಸಿದ ದಿನದಿಂದ ಶುರು ಮಾಡಿ ಹೇಳಿದೆ. ಮುಂಚೆ ಮುಂಚೆಯೇ ಆಚೆ ಕೂರುತ್ತಿದ್ದದ್ದು, ಆಮೇಲೆ ನಿಜವಾದ ಮುಟ್ಟಿನಲ್ಲಿ ಇದೇ ಬಾಗಿಲಿಂದ ಒಳಗೆ ಬರುತ್ತಿದ್ದದ್ದು. 'ಒಂದ್ ಉಳಾನೂ ಸಾಯ್ಲಿಲ್ಲ ಕಣಕ್ಕ. ನಿನ್ನಿಂದ ಸತ್ತಿದ್ದಲ್ಲ ಅವು. ಪುಡಿ ಉದುರ್ಸು ಅಂದಿದ್ಯಲ್ಲ, ಉದುರ್ಸುದ್ನೋ ಇಲ್ವೋ ನಂಗೆ ಇವತ್ಗೂ ಗೊತ್ತಿಲ್ಲ' ಎಂದೆ.

ಅಕ್ಕ ಕಡ್ಡಿಗಳನ್ನು ಒಂದೊಂದಾಗಿ ಹುಳುಗಳ ಮೇಲೆ ಇಡತೊಡಗಿದಳು. ಒಂದು ಸಾಲು ಮುಗಿಸಿದಳು.

'ನೀನು ಮುಂಚೆ ಮುಂಚೆ ಆಚೆ ಕೂರ್ತಿದ್ದಿದ್ದು ನಂಗೊತ್ತಿತ್ತು ಬುಡು' ಎಂದಳು ಕೊನೆಗೆ. 'ಪ್ಯಾಟೆ ಉಡುಗಿ, ಕೈಲಾಗಾಕಿಲ್ಲ ಅಂತ ನಾನೇ ಮಾಡ್ಕತಿದ್ದೆ. ಪುಡಿ ಮರ್ತಿದ್ರೂ ಮರ್ತಿರ್ಬೌದು. ಮರೆಯಾದು ನಿನ್ ಕಾಯ್ಲೆ ಅಂತ ಡಾಕುಟ್ರೇ ಏಳವ್ರಲ್ಲ, ಅದ್ಕೆ ನಿನ್ನ ಏನಂದೇನು.'

ಕೈಗೆ ಅಂಟಿದ್ದ ಹುಳವೊಂದನ್ನು ಬಿಡಿಸಿ ಸೊಪ್ಪಿನ ಮೇಲೆ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

'ಸ್ಕೂಟಿ ಮರೀತೀಯ, ಒಲೆ ಮೇಲಿನ ಆಲು ಮರೀತೀಯ, ಎತ್ತ ಮಗಾನೇ ಬದಿನ್ ಮೇಲೆ ಮರ್ತು ಬಂದೆ. ನನ್ ತಾವ ಇದುನ್ನ ಏಳ್ಬಾರ್ದು ಅನ್ನಾದ ಮಾತ್ರ ಇಷ್ಟ್ ವರ್ಸ ಎಂಗಮ್ಮಿ ಗ್ಯಾನ ಮಡೀಕಂಡಿದ್ದೆ?'

ಡಾಕ್ಟರು ಹೇಳಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹುಳುಗಳು ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಅಕ್ಕ ಇನ್ನೊಂದು ಹೊರೆ ಬಿಚ್ಚಿದಳು, ನಾನು ಕೈಚಾಚಿದೆ, ಅವಳು ಕೊಡಲಿಲ್ಲ.

ಮುಂದಿನ ವಾರ ಅವಳಾಗಿಯೇ ಹೊರಟು ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದಳು, ಮಂಡ್ಯಕ್ಕೆ. ಬಸ್ ಸ್ಟ್ಯಾಂಡಿನ ತನಕ ಜೊತೆಯಲ್ಲಿ ನಡೆದೆವು. ಬಸ್ಸು ಖಾಲಿಯಿತ್ತು. ನಾನು ಕಿಟಕಿಯ ಪಕ್ಕ ಸರಿದು ಅವಳಿಗೆ ಜಾಗ ಮಾಡಿದೆ. ಅಕ್ಕ ನನ್ನನ್ನು ದಾಟಿ ಹೋಗಿ ಮುಂದಿನ ಸೀಟಿನಲ್ಲಿ ಕೂತಳು.